ನೀಲಿ ಹೋದ ಮೇಲೆ ಉಳಿದದ್ದನ್ನು ಅಳೆಯಿರಿ: ಬಳ್ಳಾರಿಯ ಜೀನ್ಸ್ ನೀರಿನ ಬಗ್ಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು
ಮಾನ್ಯ ಜಿಲ್ಲಾಧಿಕಾರಿಗಳು, ಬಳ್ಳಾರಿ
ಹಾಗೂ ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ಎಲ್ಲ ಮಾಲೀಕರು

ವಿಷಯ: ವಾಷಿಂಗ್ ಘಟಕಗಳ ತ್ಯಾಜ್ಯನೀರಿನ ಶುದ್ಧೀಕರಣದಲ್ಲಿ ಇಂಗಾಲದ ನ್ಯಾನೊ ವೇಗವರ್ಧಕಗಳನ್ನು ನಮ್ಮದೇ ನೀರಿನಲ್ಲಿ ಪರೀಕ್ಷಿಸುವ ಕುರಿತು.

ಮಾನ್ಯರೇ,

ನಾನು ಬಳ್ಳಾರಿಯವನು, ಇಲ್ಲಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕೌಲ್ ಬಜಾರಿನ ಎಷ್ಟೋ ಮನೆಗಳಂತೆ ನಮ್ಮ ಮನೆಯೂ ಜೀನ್ಸ್ ಬಟ್ಟೆಯನ್ನು ನಂಬಿ ನಿಂತ ಮನೆ. ಅಣ್ಣ ಹೊಲಿಗೆ ಯಂತ್ರದ ಮುಂದೆ ಕೂತು ದುಡಿದದ್ದರಿಂದ ನಾನು ಓದಿದೆ. ಹೊಲಿದು ಬಂದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸವನ್ನು ಅವ್ವ ಪೀಸಿಗಿಷ್ಟು ಎಂಬ ಲೆಕ್ಕದಲ್ಲಿ ಬಹಳ ವರ್ಷ ಮನೆಯ ಪಡಸಾಲೆಯಲ್ಲೇ ಮಾಡಿದಳು. ಆಕೆಯ ಉಗುರಿನ ಸಂದಿಯಲ್ಲಿ ಕೂತ ನೀಲಿ ದೀಪಾವಳಿಯ ಎಣ್ಣೆ ಸ್ನಾನಕ್ಕೂ ಬಿಡುತ್ತಿರಲಿಲ್ಲ. ಆದ್ದರಿಂದ ಈ ಪತ್ರವನ್ನು ಈ ಉದ್ದಿಮೆಯ ಮೇಲಿನ ದೂರೆಂದು ಯಾರೂ ಓದಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಉದ್ದಿಮೆ ಉಳಿಯಬೇಕು, ಅದರ ನೀರು ಮುಂದಿನ ಊರಿನವರ ಹೊಲಕ್ಕೆ ವಿಷವಾಗದಂತೆ ಹೋಗಬೇಕು ಎಂಬುದಷ್ಟೇ ನನ್ನ ಆಸೆ.

ಕಳೆದ ಬೇಸಿಗೆಯಲ್ಲಿ ಪರಿಚಯದ ಮಾಲೀಕರೊಬ್ಬರು, ಹೊಲಿದ ಜೀನ್ಸನ್ನು ತೊಳೆದು ಮೆದುಗೊಳಿಸಿ ಬಣ್ಣ ತಿಳಿಯಾಗಿಸುವ ತಮ್ಮ ವಾಷಿಂಗ್ ಘಟಕಕ್ಕೆ ಕರೆದಿದ್ದರು. ನೀರು ಶುದ್ಧ ಮಾಡುವ ಹೊಸ ವಿಧಾನ ತೋರಿಸಲು ಯಾರೋ ಬಂದಿದ್ದಾರೆ, ನೀವೂ ನೋಡಿ ಹೇಳಿ ಎಂದರು. ಬಂದವರು ವಾಷಿಂಗ್ ಯಂತ್ರದಿಂದ ಹೊರಬಿದ್ದ ಕಡುನೀಲಿ ನೀರನ್ನು ಎರಡು ಗಾಜಿನ ಜಾಡಿಗಳಲ್ಲಿ ಹಿಡಿದು, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದಕ್ಕೆ ಒಂದು ದ್ರಾವಣ ಸುರಿದು ಕೋಲಿನಿಂದ ತಿರುವಿದರು. ನೋಡುನೋಡುತ್ತಿದ್ದಂತೆ ನೀಲಿ ಹಸಿರಾಯಿತು, ಹಸಿರು ತಿಳಿಹಳದಿಯಾಯಿತು. ನಿಂತವರೆಲ್ಲ ತಲೆದೂಗಿದರು. ಜಾಡಿಯ ಬಾಯಿಂದ ಬಂದ ಬ್ಲೀಚಿಂಗ್ ಪುಡಿಯ ಘಾಟು ನನಗೆ ಅರ್ಧ ಉತ್ತರವನ್ನು ಹೇಳಿತ್ತು. ಎರಡೂ ಜಾಡಿಗಳನ್ನು ಕಾಲೇಜಿಗೆ ತಂದು ವಿದ್ಯಾರ್ಥಿನಿಯರ ಜೊತೆ ಕೂತು ಸಿಒಡಿ ನೋಡಿದೆ. ನೀರಿನಲ್ಲಿರುವ ಸಾವಯವ ಪದಾರ್ಥವನ್ನು ಪೂರ್ತಿ ಉರಿಸಲು ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಡೈಕ್ರೋಮೇಟ್ ಹಾಗೂ ಗಂಧಕಾಮ್ಲದೊಂದಿಗೆ 150 ಡಿಗ್ರಿಯಲ್ಲಿ ಎರಡು ತಾಸು ಕುದಿಸಿ ಲೆಕ್ಕ ಹಾಕುವ ಪರೀಕ್ಷೆ ಅದು. ಉಳಿದ ಕ್ಲೋರಿನ್ನನ್ನು ತೆಗೆದು, ಕ್ಲೋರೈಡ್ ಅಡ್ಡ ಬರದಂತೆ ಪಾದರಸದ ಲವಣ ಹಾಕಿ ಅಳೆದರೂ ನೀಲಿ ಜಾಡಿಗೂ ಹಳದಿ ಜಾಡಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಏಕೆ ಹೀಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಕೋರಿಕೆಯೆಲ್ಲ ನಿಂತಿರುವುದು ಇದರ ಮೇಲೆ. ಜೀನ್ಸಿನ ನೀಲಿ ಎಂದರೆ ಇಂಡಿಗೊ. ಅದು ನೀರಿನಲ್ಲಿ ಕರಗುವುದಿಲ್ಲ. ಸೂಕ್ಷ್ಮ ಕಣವಾಗಿ ತೇಲುತ್ತಿರುತ್ತದೆ. ಕ್ಲೋರಿನ್ ದ್ರಾವಣ ಬಿದ್ದಾಗ ಇಂಡಿಗೊ ಅಣು ನಟ್ಟನಡುವೆ ಮುರಿದು ಐಸಾಟಿನ್ ಎಂಬ ಎರಡು ಚಿಕ್ಕ ಅಣುಗಳಾಗುತ್ತದೆ. ಆ ತಿಳಿಹಳದಿ ಅದರದ್ದೇ. ಇಂಡಿಗೊದಲ್ಲಿದ್ದ ಇಂಗಾಲವೆಲ್ಲ ಐಸಾಟಿನ್‌ನಲ್ಲಿ ಹಾಗೇ ಕೂತಿರುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಸ್ಫಟಿಕ (ಆಲಂ) ಹಾಕಿ ತಳಕ್ಕೆ ಕೂರಿಸಬಹುದಾಗಿದ್ದ ಕಣವನ್ನು ನಾವೇ ಒಡೆದು, ತಳ ಸೇರದೆ ನೀರಿನಲ್ಲಿ ಕರಗಿ ಹೋಗುವ ವಸ್ತುವನ್ನಾಗಿ ಮಾಡಿರುತ್ತೇವೆ. ಕಣ್ಣಿಗೆ ಶುದ್ಧವಾಗಿ ಕಂಡ ನೀರು ಮೊದಲಿಗಿಂತ ಕಷ್ಟದ ನೀರಾಗಿರುತ್ತದೆ.

ಈ ಹಿನ್ನೆಲೆಯಲ್ಲಿಯೇ ಇಂಗಾಲದ ನ್ಯಾನೊ ವೇಗವರ್ಧಕಗಳ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಅತಿ ಸೂಕ್ಷ್ಮ ಗಾತ್ರದ ಇಂಗಾಲದ ವಸ್ತುಗಳ ಮಾತು ಬರುತ್ತದೆ. ನಾನು ಸಂಶೋಧನೆಗೆಂದು ಕೆಲವು ವರ್ಷ ಕಳೆದದ್ದು ಇದೇ ವಿಷಯದಲ್ಲಿ. ಸಾಮೂಹಿಕ ಶುದ್ಧೀಕರಣ ಘಟಕದ ಚರ್ಚೆ ನಡೆದಾಗಲೆಲ್ಲ ಯಾರಾದರೊಬ್ಬರು ಗ್ರಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ), ನ್ಯಾನೊ ಎಂಬ ಹೆಸರು ಹಿಡಿದು ತಮ್ಮ ಬಾಗಿಲಿಗೂ ಬರುತ್ತಾರೆ, ಮಾಲೀಕರ ಬಾಗಿಲಿಗೂ ಬರುತ್ತಾರೆ. ಅವರಲ್ಲಿ ಯಾರ ಮಾತು ಗಟ್ಟಿ ಎಂದು ತಿಳಿಯಲು ಈ ವಸ್ತುಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದು ಸಾರ್ವಜನಿಕರಿಗೂ ಗೊತ್ತಿರಬೇಕು.

ಮಡಕೆಯ ಮೇಲೆ ಮಡಕೆಯಿಟ್ಟು, ನಡುವೆ ಇದ್ದಿಲು, ಮರಳು ತುಂಬಿ ನೀರು ಸೋಸುವ ಪದ್ಧತಿಯನ್ನು ಹಿರಿಯರು ಕಂಡಿರುತ್ತಾರೆ. ಅಲ್ಲಿ ಇದ್ದಿಲು ಕೊಳೆಯನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಕೊಳೆ ನೀರಿನಿಂದ ಇದ್ದಿಲಿಗೆ ಜಾಗ ಬದಲಿಸುತ್ತದೆಯೇ ವಿನಾ ನಾಶವಾಗುವುದಿಲ್ಲ. ಮೈ ತುಂಬಿದ ಮೇಲೆ ಇದ್ದಿಲನ್ನು ಎಸೆಯಬೇಕು, ಇಲ್ಲವೇ ಕಾಯಿಸಿ ಹಸನು ಮಾಡಬೇಕು. ವೇಗವರ್ಧಕದ ಕೆಲಸ ಬೇರೆ. ನೀರಿಗೆ ಹೈಡ್ರೊಜನ್ ಪೆರಾಕ್ಸೈಡ್ ಅಥವಾ ಪರ್‌ಸಲ್ಫೇಟ್‌ನಂಥ ಉತ್ಕರ್ಷಕವನ್ನು, ಅಂದರೆ ಕೊಳೆಯನ್ನು ಉರಿಸಿದಂತೆ ಒಡೆಯುವ ರಾಸಾಯನಿಕವನ್ನು ಬೆರೆಸಿದಾಗ, ವೇಗವರ್ಧಕದ ಮೇಲ್ಮೈ ಅದನ್ನು ಒಡೆದು ಅತಿ ಚುರುಕಾದ ಕಣಗಳನ್ನು ಹುಟ್ಟಿಸುತ್ತದೆ. ರ‍್ಯಾಡಿಕಲ್ ಎಂದು ಕರೆಯುವ ಈ ಕಣಗಳ ಆಯುಷ್ಯ ಸೆಕೆಂಡಿನ ಲಕ್ಷದಲ್ಲೊಂದು ಭಾಗದ ಆಸುಪಾಸು, ಕೆಲವಕ್ಕೆ ಅದಕ್ಕಿಂತಲೂ ತೀರಾ ಕಡಿಮೆ. ಅಷ್ಟರಲ್ಲೇ ಅವು ಸಿಕ್ಕ ಸಾವಯವ ಅಣುವಿನ ಮೇಲೆರಗಿ ಅದನ್ನು ತುಂಡರಿಸುತ್ತವೆ. ಕೆಲಸ ಪೂರ್ತಿಯಾದರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಲವಣ. (ಸಾವಯವ ಎಂದೊಡನೆ ನಮ್ಮ ಕಡೆ ಸಗಣಿ ಗೊಬ್ಬರ ನೆನಪಿಗೆ ಬರುತ್ತದೆ. ಇಲ್ಲಿ ಆ ಪದಕ್ಕೆ ಇಂಗಾಲದಿಂದ ಕಟ್ಟಿದ ರಾಸಾಯನಿಕ ಎಂಬ ಅರ್ಥ: ಬಣ್ಣ, ಗಂಜಿ, ಮೆದುಗೊಳಿಸುವ ದ್ರವ, ಎಲ್ಲವೂ ಸಾವಯವವೇ.)

ಈ ಮಾದರಿಯ ಶುದ್ಧೀಕರಣ ಹೊಸದಲ್ಲ. ಕಬ್ಬಿಣದ ಲವಣ ಹಾಗೂ ಪೆರಾಕ್ಸೈಡ್ ಸೇರಿದಾಗ ಆಗುವ ಈ ಉತ್ಕರ್ಷಣವನ್ನು ಫೆಂಟನ್ ಎಂಬ ವಿಜ್ಞಾನಿ ವರದಿ ಮಾಡಿದ್ದು 1894ರಲ್ಲಿ. ಕಬ್ಬಿಣದ ತೊಡಕೆಂದರೆ ನೀರನ್ನು ಹುಳಿ ಮಾಡಿಕೊಳ್ಳಬೇಕು, ಕೊನೆಗೆ ರಾಶಿ ರಾಶಿ ಕೆಂಪು ರಾಡಿ ಉಳಿಯುತ್ತದೆ. ಕೋಬಾಲ್ಟ್ ಎಂಬ ಲೋಹವು ಪರ್‌ಸಲ್ಫೇಟ್ ಗುಂಪಿನ ಕೆಲವು ಉತ್ಕರ್ಷಕಗಳನ್ನು ಬಹಳ ಚೆನ್ನಾಗಿ ಒಡೆಯುತ್ತದೆ, ಆದರೆ ತಾನೂ ಸ್ವಲ್ಪ ಸ್ವಲ್ಪವೇ ನೀರಿಗಿಳಿಯುತ್ತದೆ, ಅದು ವಿಷ. ಲೋಹವೇ ಇಲ್ಲದ ವೇಗವರ್ಧಕಕ್ಕಾಗಿ ಹುಡುಕಿದವರಿಗೆ ಸಿಕ್ಕಿದ್ದು ಇಂಗಾಲ. 1991ರಲ್ಲಿ ಇಂಗಾಲದ ನ್ಯಾನೊ ಕೊಳವೆಗಳು, 2004ರಲ್ಲಿ ಗ್ರಾಫೀನ್ ಲೋಕದ ಗಮನ ಸೆಳೆದವು. ನಮ್ಮವರೇ ಆದ ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಈ ಎರಡರ ಮೇಲೂ ದೀರ್ಘಕಾಲ ಕೆಲಸ ಮಾಡಿದ್ದಾರೆ. ಇಂಗಾಲದ ಹಾಳೆಯಲ್ಲಿ ಅಲ್ಲಲ್ಲಿ ಒಂದು ಇಂಗಾಲದ ಪರಮಾಣುವನ್ನು ತೆಗೆದು ಸಾರಜನಕವನ್ನು ಕೂರಿಸಿದರೆ ಆ ಜಾಗದ ಸುತ್ತ ವಿದ್ಯುದಂಶದ ಹಂಚಿಕೆ ಏರುಪೇರಾಗುತ್ತದೆ, ಉತ್ಕರ್ಷಕ ಅಲ್ಲಿಯೇ ಬಂದು ಒಡೆಯುತ್ತದೆ. ಹಾಳೆಯ ಅಂಚುಗಳು, ಹರುಕುಗಳು, ಅಲ್ಲಿ ಅಂಟಿಕೊಂಡ ಆಮ್ಲಜನಕ ಕೂಡ ಇದೇ ಕೆಲಸಕ್ಕೆ ಬರುತ್ತವೆ. ಒಂದು ಗ್ರಾಂ ಗ್ರಾಫೀನಿನ ಮೇಲ್ಮೈ ಲೆಕ್ಕದ ಪ್ರಕಾರ 2630 ಚದರ ಮೀಟರ್. ಅಷ್ಟು ವಿಸ್ತಾರ ಒಂದು ಚಿಟಿಕೆಯಲ್ಲಿ ಅಡಗಿರುವುದೇ ನ್ಯಾನೊ ಗಾತ್ರದಿಂದ ಸಿಗುವ ಲಾಭ.

ನಮ್ಮ ಸೀಮೆಗೆ ಈ ವಿದ್ಯೆ ಒದಗಿಬರಬಹುದು ಎಂದು ನಾನು ನಂಬುವುದಕ್ಕೆ ಕಾರಣ ದುಬಾರಿ ಗ್ರಾಫೀನ್ ಅಲ್ಲ. ನಮ್ಮ ಊರಿನ ಹೆಸರನ್ನೇ ಹೊತ್ತು ರಾಜ್ಯದ ತುಂಬ ಹಬ್ಬಿರುವ ಬಳ್ಳಾರಿ ಜಾಲಿ ಇದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟು ಇದೆ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲೇ ಸುಡುವ ಹತ್ತಿ ಕಟ್ಟಿಗೆ ಇದೆ. ಇವನ್ನು ಗಾಳಿಯಾಡದ ಕುಲುಮೆಯಲ್ಲಿ, ರೈತರು ಬಳಸುವ ಅದೇ ಯೂರಿಯಾದೊಂದಿಗೆ, 700ರಿಂದ 900 ಡಿಗ್ರಿಯಲ್ಲಿ ಕಾಯಿಸಿದರೆ ಸಾರಜನಕ ಹೊಕ್ಕ, ಸೂಕ್ಷ್ಮ ರಂಧ್ರಗಳ ಇಂಗಾಲ ಸಿಗುತ್ತದೆ. ಕಾಲೇಜಿನ ಚಿಕ್ಕ ಕುಲುಮೆಯಲ್ಲಿ ಜಾಲಿ ಇದ್ದಿಲನ್ನು ಹೀಗೆ ಹದ ಮಾಡಿ ನಾವು ನೋಡಿದ್ದೇವೆ. ಭಟ್ಟಿ ಇಳಿಸಿದ ನೀರಿನಲ್ಲಿ ಮೆಥಿಲೀನ್ ಬ್ಲೂ ಬಣ್ಣ ಕದಡಿ, ಈ ಪುಡಿಯನ್ನೂ ಪರ್‌ಸಲ್ಫೇಟನ್ನೂ ಹಾಕಿದಾಗ ಬಣ್ಣ ಕರಗಿ ಹೋಗುವುದನ್ನು ಕಂಡು ವಿದ್ಯಾರ್ಥಿಗಳು ಹಿಗ್ಗಿದರು. ಆಮೇಲೆ ಅದೇ ಪುಡಿಯನ್ನು ವಾಷಿಂಗ್ ಘಟಕದ ನೀರಿಗೆ ಹಾಕಿದೆವು. ಮಧ್ಯಾಹ್ನದಿಂದ ಸಂಜೆಯವರೆಗೆ ಕಾದರೂ ನೀರು ಬೂದು ಬಣ್ಣಕ್ಕೆ ತಿರುಗಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ.

ಆ ಸಂಜೆಯ ಸೋಲು ನನಗೆ ಎಷ್ಟೋ ಸಂಶೋಧನಾ ಲೇಖನಗಳಿಗಿಂತ ಹೆಚ್ಚು ಕಲಿಸಿತು. ಬಹುಪಾಲು ಪ್ರಯೋಗಗಳು ನಡೆಯುವುದು ಒಂದೇ ಬಣ್ಣ ಬೆರೆಸಿದ ಶುದ್ಧ ನೀರಿನಲ್ಲಿ. ನಮ್ಮ ಘಟಕಗಳ ನೀರಿನಲ್ಲಿ ಬಟ್ಟೆಯ ಗಂಜಿ ಇದೆ, ಅದನ್ನು ಬಿಡಿಸುವ ಕಿಣ್ವ ಇದೆ, ಮೆದುಗೊಳಿಸುವ ದ್ರವ ಇದೆ, ಪ್ಯೂಮಿಸ್ ಕಲ್ಲಿನ ಹುಡಿ ಇದೆ, ನೂಲಿನ ಜುಂಗು ಇದೆ, ಪರ್ಮಾಂಗನೇಟ್ ಸಿಂಪಡಿಸಿದ ಬಟ್ಟೆಯಿಂದ ಬಂದ ಮ್ಯಾಂಗನೀಸ್ ಇದೆ. ಇದೆಲ್ಲಕ್ಕೂ ಮೊದಲು ಬೋರ್‌ವೆಲ್ಲಿನ ಗಡುಸು ನೀರೇ ಇದೆ. ಅದರ ಬೈಕಾರ್ಬೊನೇಟ್, ಕ್ಲೋರೈಡ್‌ಗಳು ಹುಟ್ಟಿದ ರ‍್ಯಾಡಿಕಲ್‌ಗಳನ್ನು ಬಣ್ಣ ತಲುಪುವ ಮೊದಲೇ ನುಂಗುತ್ತವೆ. ಕ್ಲೋರೈಡ್ ನುಂಗಿದರೆ ಬರೀ ನಷ್ಟವೆಂದು ಸುಮ್ಮನಿರುವಂತಿಲ್ಲ, ಕ್ಲೋರಿನ್ ಸೇರಿದ ಹೊಸ ಸಾವಯವ ವಸ್ತುಗಳು ಹುಟ್ಟುವ ಸಾಧ್ಯತೆಯಿರುತ್ತದೆ, ಅವು ಮೂಲ ಬಣ್ಣಕ್ಕಿಂತ ಕೆಟ್ಟವಾಗಿರಬಹುದು.

ಆದ್ದರಿಂದ ವೇಗವರ್ಧಕದ ಜಾಗ ಸರದಿಯ ಕೊನೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಡಿಗೊ ಕರಗದ ಕಣವಾದ್ದರಿಂದ ಮೊದಲು ಅದನ್ನು ಸ್ಫಟಿಕದಿಂದಲೋ ಕಬ್ಬಿಣದ ಲವಣದಿಂದಲೋ ತಳಕ್ಕಿಳಿಸಿ ಬೇರ್ಪಡಿಸಬೇಕು. ಗಂಜಿಯಂಥ ಸುಲಭದ ಸಾವಯವವನ್ನು ಸೂಕ್ಷ್ಮಜೀವಿಗಳ ತೊಟ್ಟಿಗೆ ಬಿಡಬೇಕು, ಅವು ಆ ಕೆಲಸವನ್ನು ಯಾವ ನ್ಯಾನೊ ವಸ್ತುವಿಗಿಂತಲೂ ಅಗ್ಗವಾಗಿ ಮಾಡುತ್ತವೆ. ಇವೆರಡೂ ಆದ ಮೇಲೂ ಜಗ್ಗದೆ ಉಳಿಯುವ, ಜೀವಾಣುಗಳೂ ತಿನ್ನದ ಕರಗಿದ ವಸ್ತುಗಳಿಗೆ ಮಾತ್ರ ಇಂಗಾಲದ ವೇಗವರ್ಧಕ ಬೇಕು. ಮೊದಲ ಎರಡು ಹಂತಗಳನ್ನು ಬಿಟ್ಟು ನೇರವಾಗಿ ಮೂರನೆಯದನ್ನು ಮಾರಲು ಬರುವವರನ್ನು ನಂಬಬಾರದೆಂದು ಮಾಲೀಕರಲ್ಲಿ ಕೈಮುಗಿದು ಕೇಳುತ್ತೇನೆ.

ಇನ್ನು ಲವಣದ ಮಾತು. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಸೋಡಿಯಂ ಪರ್‌ಸಲ್ಫೇಟ್ ಹಾಕಿದರೆ, ಕೆಲಸ ಮುಗಿದ ಮೇಲೆ ಸುಮಾರು 0.8 ಗ್ರಾಂ ಸಲ್ಫೇಟ್ ಅದರಲ್ಲೇ ಉಳಿಯುತ್ತದೆ. ನೀರು ಹುಳಿಯಾಗುವುದರಿಂದ ಅದನ್ನು ಸರಿಪಡಿಸಲು ಹಾಕುವ ಕ್ಷಾರವನ್ನೂ ಸೇರಿಸಿದರೆ ಲೀಟರಿಗೆ ಸಾವಿರ ಮಿಲಿಗ್ರಾಂಗೂ ಮೀರಿದ ಲವಣ ನಾವೇ ಕೂಡಿಸಿದಂತಾಗುತ್ತದೆ. 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಜವಳಿ ಘಟಕಗಳ ತ್ಯಾಜ್ಯನೀರಿಗೆ ಗೊತ್ತುಪಡಿಸಿದ ಮಿತಿಯಲ್ಲಿ ಲೀಟರಿಗೆ ಸಿಒಡಿ 250, ಬಿಒಡಿ (ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನಲು ಬಳಸುವ ಆಮ್ಲಜನಕ) 30, ಕರಗಿದ ಲವಣಗಳು 2100 ಮಿಲಿಗ್ರಾಂ. ಸಿಒಡಿ ಇಳಿಸುವ ಭರದಲ್ಲಿ ಲವಣದ ಮಿತಿಯ ಅರ್ಧವನ್ನು ಒಂದೇ ಏಟಿಗೆ ಖರ್ಚು ಮಾಡಿದರೆ ಬೋರ್‌ವೆಲ್ಲಿನ ಉಪ್ಪಿಗೆ, ಬಟ್ಟೆಯ ಉಪ್ಪಿಗೆ ಜಾಗವೆಲ್ಲಿ? ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಸವಳು, ಜವಳು ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಎರೆ ಭೂಮಿಗೆ ಸೋಡಿಯಂ ಏರಿದರೆ ಮಣ್ಣು ಬಿಗಿದು ನೀರು ಇಂಗುವುದೇ ನಿಲ್ಲುತ್ತದೆ. ಪೆರಾಕ್ಸೈಡ್ ಬಳಸಿದರೆ ಲವಣ ಉಳಿಯುವುದಿಲ್ಲ ನಿಜ, ಆದರೆ ಲೋಹವಿಲ್ಲದ ಇಂಗಾಲ ಅದನ್ನು ಬಹುಪಾಲು ಬರೀ ನೀರು, ಆಮ್ಲಜನಕವಾಗಿ ಒಡೆದು ವ್ಯರ್ಥ ಮಾಡುತ್ತದೆ. ಈ ಎರಡರ ನಡುವೆ ನಮ್ಮ ನೀರಿಗೆ ಎಷ್ಟು ಕನಿಷ್ಠ ಪ್ರಮಾಣ ಸಾಕು ಎಂಬುದನ್ನು ಬೇರೆ ಊರಿನ ಪ್ರಯೋಗಾಲಯ ಹೇಳಲಾರದು.

ಕಾರ್ಮಿಕರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಉದ್ದವಾದ, ಬಿರುಸಾದ ನ್ಯಾನೊ ಕೊಳವೆಗಳು ಶ್ವಾಸಕೋಶ ಹೊಕ್ಕರೆ ಆಸ್ಬೆಸ್ಟಾಸ್ ಎಳೆಗಳಂತೆ ವರ್ತಿಸಬಲ್ಲವು. ಅಂಥ ಒಂದು ಬಗೆಯ ಕೊಳವೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿದೆ. ಎಲ್ಲ ಇಂಗಾಲವೂ ಹಾಗಲ್ಲ. ಆದರೂ ಪುಡಿ ರೂಪದ ಯಾವ ನ್ಯಾನೊ ವಸ್ತುವೂ ಬರಿಗೈಯಲ್ಲಿ, ಬರಿಮುಖದಲ್ಲಿ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳ ಕೈಗೆ ಬರಬಾರದು. ಕಾಳಿನಂತೆ ಉಂಡೆ ಕಟ್ಟಿದ, ಕೊಳವೆಯೊಳಗೆ ಭದ್ರವಾಗಿ ತುಂಬಿದ ರೂಪದಲ್ಲಿ ಮಾತ್ರ ಅದು ಘಟಕದೊಳಗೆ ಕಾಲಿಡಬೇಕು. ಹಾಗೆ ಮಾಡಿದರೆ ಪುಡಿ ನೀರಿನ ಜೊತೆ ಹಳ್ಳಕ್ಕೆ ಹೋಗುವುದೂ ತಪ್ಪುತ್ತದೆ. ಪರ್‌ಸಲ್ಫೇಟ್ ಬೆಂಕಿಗೆ ಇಂಬು ಕೊಡುವ ವಸ್ತು. ಬಟ್ಟೆಯ ಮೂಟೆಗಳ ಪಕ್ಕದಲ್ಲಿ ಅದರ ಚೀಲವಿಟ್ಟ ದೃಶ್ಯವನ್ನು ಊಹಿಸಿಕೊಂಡರೂ ನನಗೆ ಭಯವಾಗುತ್ತದೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಬಳ್ಳಾರಿಯಲ್ಲಿ ದಿನಕ್ಕೆ ಒಂದು ಸಾವಿರ ಲೀಟರ್ ನೀರನ್ನು ಹಾಯಿಸುವ ಒಂದು ಚಿಕ್ಕ ಪ್ರಾಯೋಗಿಕ ಘಟಕವನ್ನು ಮಂಡಳಿ ಮತ್ತು ಜಿಲ್ಲಾಡಳಿತ ಸೇರಿ ನಿಲ್ಲಿಸಬೇಕು. ತಳಕ್ಕಿಳಿಸುವ ತೊಟ್ಟಿ, ಜೀವಾಣುಗಳ ತೊಟ್ಟಿ, ಕೊನೆಗೆ ಇಂಗಾಲದ ಕಾಳು ತುಂಬಿದ ಕೊಳವೆ, ಇಷ್ಟೇ ಅದರ ಸ್ವರೂಪ. ಪರೀಕ್ಷೆಯ ಹೊಣೆಯನ್ನು ಮಾರುವವರಿಗೆ ಬಿಡದೆ, ಇಲ್ಲೇ ಇರುವ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ, ಮಣ್ಣಿನ ಮೇಲಿನ ಪರಿಣಾಮ ನೋಡಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಕೇಳಬಹುದು. ನೀಲಿ ಬಟ್ಟೆಯ ದಿನ, ಕಪ್ಪು ಬಟ್ಟೆಯ ದಿನ, ಹಬ್ಬದ ಮುಂಚಿನ ತುರುಸಿನ ದಿನ, ಮಳೆಗಾಲ, ಬೇಸಿಗೆ ಎಲ್ಲವೂ ಅದರಲ್ಲಿ ಹಾದುಹೋಗುವಷ್ಟು ಕಾಲ ಅದು ನಡೆಯಬೇಕು; ಒಂದು ವರ್ಷ ಹೆಚ್ಚಲ್ಲ. ಇಂಗಾಲದ ಶಕ್ತಿ ಬಳಸುತ್ತಾ ಹೋದಂತೆ ಕುಂದುತ್ತದೆ, ಏಕೆಂದರೆ ಉತ್ಕರ್ಷಕ ಇಂಗಾಲದ ಮೈಯನ್ನೂ ಸುಡುತ್ತದೆ, ಮುರಿದ ಅಣುಗಳ ಚೂರುಗಳು ಅದರ ರಂಧ್ರಗಳನ್ನು ಮುಚ್ಚುತ್ತವೆ. ಮೊದಲ ದಿನದ ಅಂಕಿಗಿಂತ ನೂರನೆಯ ದಿನದ ಅಂಕಿ ಮುಖ್ಯ.

ಅಳೆಯುವುದು ಬಣ್ಣವನ್ನಲ್ಲ. ಸಿಒಡಿ ಅಳೆಯಲಿ, ಒಟ್ಟು ಸಾವಯವ ಇಂಗಾಲವನ್ನು ಅಳೆಯಲಿ. ನೀರಿನಲ್ಲಿ ಉಳಿದ ಪೆರಾಕ್ಸೈಡ್, ಪರ್‌ಸಲ್ಫೇಟ್‌ಗಳು ಸಿಒಡಿಯ ಅಂಕಿಯನ್ನೇ ಕೆಡಿಸುವುದರಿಂದ ಅವನ್ನು ಮೊದಲು ಲೆಕ್ಕ ಹಾಕಿ ಕಳೆಯಲಿ. ಬಳಸಿದ ಇಂಗಾಲವನ್ನು ತೊಳೆದು, ಬಣ್ಣ ಒಡೆದಿದೆಯೋ ಬರೀ ಅಂಟಿಕೊಂಡಿದೆಯೋ ಎಂಬುದನ್ನು ಬಯಲು ಮಾಡಲಿ. ಇದರ ಜೊತೆಗೆ ಯಾರ ಮನೆಯಲ್ಲಾದರೂ ಮಾಡಬಹುದಾದ ಒಂದು ಪರೀಕ್ಷೆಯನ್ನೂ ಸೇರಿಸಲಿ. ಎರಡು ಒದ್ದೆ ಕಾಗದಗಳ ಮೇಲೆ ಇಪ್ಪತ್ತಿಪ್ಪತ್ತು ಬಿಳಿಜೋಳದ ಕಾಳುಗಳನ್ನು ಹರಡಿ, ಒಂದಕ್ಕೆ ಶುದ್ಧೀಕರಿಸಿದ ನೀರು, ಇನ್ನೊಂದಕ್ಕೆ ಕುಡಿಯುವ ನೀರು ಚಿಮುಕಿಸಿ, ಐದನೆಯ ದಿನ ಎಷ್ಟು ಮೊಳೆತವು, ಬೇರು ಎಷ್ಟುದ್ದ ಬಂತು ಎಂದು ಅಳತೆಪಟ್ಟಿ ಹಿಡಿದು ನೋಡುವುದು. ಆ ಹಳದಿ ಜಾಡಿಯ ನೀರಿನಲ್ಲಿ ನಾವು ಇಟ್ಟ ಕಾಳುಗಳಲ್ಲಿ ಮೊಳಕೆಯ ತುದಿ ಕಂದಿ ನಿಂತಿತ್ತು.

ಮುಂದೆ ಸಾರ್ವಜನಿಕ ಹಣದಲ್ಲಿ ಯಾವ ಶುದ್ಧೀಕರಣ ಘಟಕಕ್ಕೆ ಟೆಂಡರ್ ಕರೆದರೂ, ಬಣ್ಣ ಹೋಯಿತೆಂಬ ಆಧಾರದ ಮೇಲೆ ಹಣ ಪಾವತಿಯಾಗದೆ, ನೀರಿನಿಂದ ನಿಜಕ್ಕೂ ಕಳೆದ ಸಾವಯವ ಇಂಗಾಲ ಮತ್ತು ಕೂಡಿಕೊಂಡ ಲವಣ ಎರಡರ ಆಧಾರದ ಮೇಲೆ ಆಗಬೇಕೆಂಬ ಷರತ್ತನ್ನು ದಯವಿಟ್ಟು ಬರೆಯಿರಿ. ಪ್ರತಿ ತಿಂಗಳ ಅಂಕಿಗಳನ್ನು ಕನ್ನಡದಲ್ಲಿ ಘಟಕದ ಗೇಟಿನ ಮುಂದಿನ ಫಲಕದ ಮೇಲೆ ಹಾಕಿಸಿ.

ಮಾಲೀಕರಿಗೆ ಒಂದು ಮಾತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ತಮಿಳುನಾಡಿನ ಬಟ್ಟೆ ಉದ್ದಿಮೆಯ ಊರಾದ ತಿರುಪ್ಪೂರಿನ ನೂರಾರು ಬಣ್ಣದ ಘಟಕಗಳು ಒಟ್ಟಿಗೆ ಬಾಗಿಲು ಹಾಕಿದವು. ನೊಯ್ಯಲ್ ನದಿ ಕೆಟ್ಟ ಮೇಲೆ ರೈತರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ಫಲ ಅದು. ಅಲ್ಲಿನ ಮಾಲೀಕರ ಹತ್ತಿರ ನಮ್ಮವರಿಗಿಂತ ಹೆಚ್ಚು ಬಂಡವಾಳವಿತ್ತು. ಮನೆಯ ಹಿಂದೆ ಎರಡು ಯಂತ್ರ ಇಟ್ಟುಕೊಂಡು ವಾಷಿಂಗ್ ಮಾಡುವ ನಮ್ಮ ಸಣ್ಣ ಘಟಕದವರು ಅಂಥ ಒಂದು ತಿಂಗಳನ್ನೂ ತಡೆಯಲಾರರು, ಅವರ ಹಿಂದೆ ದಾರ ಕತ್ತರಿಸುವ, ಗುಂಡಿ ಹಚ್ಚುವ, ಇಸ್ತ್ರಿ ಮಾಡುವ ಮನೆಗಳಂತೂ ಒಂದು ವಾರವನ್ನೂ ತಡೆಯಲಾರವು. ಒಬ್ಬೊಬ್ಬರೇ ಯಾರದೋ ದ್ರಾವಣ ಕೊಂಡು ನೀಲಿಯನ್ನು ಹಳದಿ ಮಾಡಿ ಚರಂಡಿಗೆ ಬಿಡುವ ಬದಲು, ತಮ್ಮ ನೀರಿನ ಮಾದರಿಯನ್ನು, ಬಳಸಿದ ರಾಸಾಯನಿಕಗಳ ಪಟ್ಟಿಯನ್ನು ಮುಚ್ಚಿಡದೆ ಈ ಪರೀಕ್ಷೆಗೆ ಕೊಡಲು ಮುಂದೆ ಬನ್ನಿ. ಏನು ಹಾಕಿದ್ದೇವೆಂದು ಗೊತ್ತಾಗದೆ ಏನನ್ನು ತೆಗೆಯಬೇಕೆಂದು ಯಾವ ವಿಜ್ಞಾನಿಯೂ ಹೇಳಲಾರ.

ರಾಯಚೂರು, ಕೊಪ್ಪಳದ ಗೆಳೆಯರು, ನಮ್ಮ ಬಾವಿಗಳ ಫ್ಲೋರೈಡ್‌ಗೂ ಇದು ಆಗುತ್ತದೆಯೇ ಎಂದು ಕೇಳಿದ್ದಾರೆ. ಆಗುವುದಿಲ್ಲ. ಫ್ಲೋರೈಡಾಗಲಿ ಆರ್ಸೆನಿಕ್ಕಾಗಲಿ ಒಡೆದು ನಾಶ ಮಾಡಬಹುದಾದ ಸಾವಯವ ಅಣುಗಳಲ್ಲ. ಅವಕ್ಕೆ ಬೇರೆಯದೇ ಶುದ್ಧೀಕರಣ ಬೇಕು. ಅದನ್ನೂ ಇದನ್ನೂ ಒಂದೇ ಯಂತ್ರ ಗುಣಪಡಿಸುತ್ತದೆಂದು ಹೇಳುವವರು ಬಂದರೆ ಎಚ್ಚರದಿಂದಿರಿ.

ಪ್ರಾಯೋಗಿಕ ಘಟಕ ನಿಂತರೆ ಮಾದರಿ ಹಿಡಿಯುವುದಕ್ಕೆ, ಅಳೆಯುವುದಕ್ಕೆ ನಾನೂ ನನ್ನ ವಿದ್ಯಾರ್ಥಿಗಳೂ ಯಾವ ಸಂಭಾವನೆಯೂ ಇಲ್ಲದೆ ಬರುತ್ತೇವೆ. ಜಾಲಿ ಇದ್ದಿಲಿನಿಂದ ನಾವು ಮಾಡಿದ ಇಂಗಾಲದ ವಿಧಾನವನ್ನು, ಅದು ಸೋತ ದಿನದ ಟಿಪ್ಪಣಿಯನ್ನೂ ಸೇರಿಸಿ, ಯಾರು ಕೇಳಿದರೂ ಕೊಡುತ್ತೇವೆ. ಆ ಎರಡು ಗಾಜಿನ ಜಾಡಿಗಳು ಇನ್ನೂ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿವೆ. ನೀಲಿಯ ಜಾಡಿಯಲ್ಲಿ ಬಣ್ಣ ತಾನಾಗಿ ತಳಕ್ಕಿಳಿದು ಮೇಲಿನ ನೀರು ಸಾಕಷ್ಟು ತಿಳಿಯಾಗಿದೆ. ಹಳದಿಯ ಜಾಡಿ ಅಂದಿನಂತೆಯೇ ಹಳದಿಯಾಗಿದೆ. ತಾವು ಸಭೆ ಕರೆದ ದಿನ ಎರಡನ್ನೂ ಮೇಜಿನ ಮೇಲೆ ತಂದಿಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕ
ಬಳ್ಳಾರಿ